ತಡವಾಗಿ ಕಂಡ ರಾಬಿನ್ ಹಕ್ಕಿಗಳು

(ಬಾನುಲಿ ಭಾಷಣ)

ಋತು ಬದಲಾಯಿತೆಂಬ ಸುದ್ದಿಯನ್ನು ಮನುಷ್ಯನಿಗೆ ಮೊದಲು ತಿಳಿಸಿದ್ದು ಪಂಚಾಂಗವಲ್ಲ. ಹೂವು, ಹಕ್ಕಿ, ಗಾಳಿ. ಪಂಚಾಂಗ ಆಮೇಲೆ ಬಂದದ್ದು. ಮಾವು ಚಿಗುರಿ ಕೋಗಿಲೆ ಕೂಗಿದರೆ ವಸಂತ ಬಂತೆಂದು ನಮ್ಮ ಕವಿಗಳು ಪಂಪನ ಕಾಲದಿಂದಲೂ ಹೇಳುತ್ತ ಬಂದಿದ್ದಾರೆ. ಕಾವ್ಯ ಓದದವರೂ ಅದನ್ನು ನಂಬಿದ್ದಾರೆ. ಯುಗಾದಿಯ ಬೇವುಬೆಲ್ಲ ಹಂಚುವ ಹೊತ್ತಿಗೆ ಕೋಗಿಲೆಯ ದನಿ ಕೇಳದಿದ್ದರೆ ಹಬ್ಬದಲ್ಲಿ ಏನೋ ಕೊರತೆಯಾದಂತೆ ನಮಗೆ ತೋರುತ್ತದೆ. ಇದೇ ಬಗೆಯ ಗೌರವದ ಸ್ಥಾನವನ್ನು ಉತ್ತರ ಅಮೆರಿಕದ ಜನ ರಾಬಿನ್ ಎಂಬ ಹಕ್ಕಿಗೆ ಕೊಟ್ಟಿದ್ದಾರೆ. ತಿಂಗಳುಗಟ್ಟಲೆ ಹಿಮದ ಕೆಳಗೆ ಹುದುಗಿದ್ದ ಹುಲ್ಲು ಮತ್ತೆ ಕಾಣಿಸಿಕೊಂಡು, ಅದರ ಮೇಲೆ ಮೊದಲ ರಾಬಿನ್ ಇಳಿದು ಎರೆಹುಳು ಹುಡುಕುವುದನ್ನು ಕಂಡ ದಿನ ಅಲ್ಲಿಯವರ ಪಾಲಿಗೆ ಚಳಿಗಾಲ ಮುಗಿದ ದಿನ.

ಹೀಗೆ ವಸಂತದ ದೂತನೆಂದು ಹೆಸರಾದ ಹಕ್ಕಿ ವಸಂತಕ್ಕೆ ಇನ್ನೂ ಬಹಳ ದಿನಗಳಿರುವಾಗ, ಮೊಣಕಾಲುದ್ದ ಹಿಮದ ನಡುವೆ, ಗುಂಪುಗುಂಪಾಗಿ ಕಾಣಿಸಿಕೊಂಡರೆ ಏನೆಂದು ತಿಳಿಯಬೇಕು? ಅದು ದಾರಿ ತಪ್ಪಿದೆಯೆ? ಹೊರಡುವುದಕ್ಕೆ ತಡಮಾಡಿದೆಯೆ? ಅಥವಾ ಬರುವುದಕ್ಕೆ ಅವಸರಪಟ್ಟಿದೆಯೆ? ಇಂದಿನ ನನ್ನ ಮಾತು ಈ ಪ್ರಶ್ನೆಯನ್ನು ಕುರಿತದ್ದು. ಮೇಲುನೋಟಕ್ಕೆ ಇದು ದೂರದೇಶದ ಒಂದು ಹಕ್ಕಿಯ ವಿಚಾರ. ಆದರೆ ಈ ಪ್ರಶ್ನೆಗೆ ಉತ್ತರ ಹುಡುಕುವ ದಾರಿ ನಮ್ಮ ಹಿತ್ತಿಲವರೆಗೂ ಬರುತ್ತದೆ.

ಮೊದಲು ಹಕ್ಕಿಯ ಪರಿಚಯ. ಗಾತ್ರದಲ್ಲಿ ಅದು ಹೆಚ್ಚುಕಡಿಮೆ ನಮ್ಮ ಗೊರವಂಕದಷ್ಟು. ತೂಕ 75-80 ಗ್ರಾಂ. ಬೆನ್ನು ಬೂದುಗಂದು, ತಲೆ ಕಪ್ಪು, ಎದೆ ಇಟ್ಟಿಗೆಗೆಂಪು. ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ಓಡಿ, ತಟ್ಟನೆ ನಿಂತು, ತಲೆಯನ್ನು ಒಂದು ಕಡೆಗೆ ವಾಲಿಸಿ ನೆಲವನ್ನು ನೋಡುವುದು ಅದರ ಅಭ್ಯಾಸ. ಆ ಖಂಡದ ಅತ್ಯಂತ ಹೇರಳವಾದ ಹಕ್ಕಿಗಳಲ್ಲಿ ಅದೂ ಒಂದು. ಮಿಶಿಗನ್, ಕನೆಕ್ಟಿಕಟ್, ವಿಸ್ಕಾನ್ಸಿನ್ ಈ ಮೂರು ಸಂಸ್ಥಾನಗಳು ಅದನ್ನು ತಮ್ಮ ರಾಜ್ಯಪಕ್ಷಿಯಾಗಿ ಆರಿಸಿಕೊಂಡಿವೆ. 1766ರಲ್ಲಿ ಲಿನೇಯಸ್ ಅದಕ್ಕೆ ಕೊಟ್ಟ ಶಾಸ್ತ್ರೀಯ ನಾಮದಲ್ಲಿ ‘ಮೈಗ್ರೆಟೋರಿಯಸ್’ ಎಂಬ ಪದವಿದೆ. ವಲಸೆ ಹೋಗುವಂಥದು ಎಂದು ಅದರ ಅರ್ಥ. ಹೋಗುವುದು ಬರುವುದು ಅದರ ಹೆಸರಿನಲ್ಲಿಯೇ ಸೇರಿಹೋಗಿದೆ.

ಆದರೆ ರಾಬಿನ್ ಎಂಬ ಹೆಸರು ಮೂಲತಃ ಅದರದಲ್ಲ. ಆ ಹೆಸರಿನ ನಿಜವಾದ ಒಡೆಯ ಇಂಗ್ಲೆಂಡಿನ ತೋಟಗಳಲ್ಲಿರುವ, ಗುಬ್ಬಚ್ಚಿಯಷ್ಟು ಚಿಕ್ಕದಾದ ಇನ್ನೊಂದು ಕೆಂಪೆದೆಯ ಹಕ್ಕಿ. ಸಮುದ್ರ ದಾಟಿ ಹೋದ ಇಂಗ್ಲಿಷರು ಹೊಸ ನೆಲದಲ್ಲಿ ಕೆಂಪೆದೆಯ ಹಕ್ಕಿಯೊಂದನ್ನು ಕಂಡಾಗ ತೌರಿನ ನೆನಪಿನಿಂದ ಅದನ್ನೂ ರಾಬಿನ್ ಎಂದೇ ಕರೆದರು. ಸ್ವಾರಸ್ಯವೆಂದರೆ, ಇಂಗ್ಲೆಂಡಿನಲ್ಲಿ ರಾಬಿನ್ ವಸಂತದ ಹಕ್ಕಿಯಲ್ಲ, ಚಳಿಗಾಲದ ಹಕ್ಕಿ. ಅದು ಚಳಿಗಾಲದಲ್ಲಿಯೂ ಅಲ್ಲಿಯೇ ಉಳಿದು ಹಾಡುತ್ತಿರುತ್ತದೆ. ಕ್ರಿಸ್ಮಸ್ ಶುಭಾಶಯ ಪತ್ರಗಳಲ್ಲಿ ಹಿಮದ ಮೇಲೆ ಕುಳಿತ ಚಿತ್ರ ಅದರದೇ. ಒಂದೇ ಹೆಸರು ಸಾಗರದ ಆಚೆ ಒಂದು ಋತುವನ್ನು, ಈಚೆ ಇನ್ನೊಂದು ಋತುವನ್ನು ನೆನಪಿಗೆ ತರುತ್ತದೆ. ಅದೇ ಇಂಗ್ಲಿಷರು ನಮ್ಮ ದೇಶಕ್ಕೆ ಬಂದಾಗ ನಮ್ಮ ಮಡಿವಾಳ ಹಕ್ಕಿಗೂ ರಾಬಿನ್ ಎಂಬ ಪದವನ್ನು ಅಂಟಿಸಿದರು. ಇಂದಿನ ಪಕ್ಷಿಶಾಸ್ತ್ರದ ಪ್ರಕಾರ ಇಂಗ್ಲೆಂಡಿನ ರಾಬಿನ್ನಿಗೆ ಹತ್ತಿರದ ಬಂಧು ನಮ್ಮ ಮಡಿವಾಳವೇ ಹೊರತು ಅಮೆರಿಕದ ರಾಬಿನ್ ಅಲ್ಲ. ಅಮೆರಿಕದ್ದು ಥ್ರಷ್ ಕುಟುಂಬಕ್ಕೆ ಸೇರಿದ್ದು. ನಮ್ಮ ಪಶ್ಚಿಮ ಘಟ್ಟಗಳಲ್ಲಿ ಮಳೆಗಾಲದ ಮಬ್ಬಿನಲ್ಲಿ ಇಂಪಾಗಿ ಹಾಡುವ, ಇಂಗ್ಲಿಷಿನಲ್ಲಿ ಬ್ಲ್ಯಾಕ್‌ಬರ್ಡ್ ಎಂದು ಕರೆಯುವ ಹಕ್ಕಿ ಅದರ ದಾಯಾದಿ. ಹೆಸರು ಕೊಟ್ಟವನು ಬಣ್ಣವನ್ನಷ್ಟೇ ನೋಡಿದ. ಬಾಂಧವ್ಯ ಬೇರೆ ಕಡೆ ಇತ್ತು. ನಾವು ಕಂಡದ್ದಕ್ಕೂ ಇರುವುದಕ್ಕೂ ನಡುವೆ ಅಂತರವಿರುತ್ತದೆಂಬುದಕ್ಕೆ ಇದೊಂದು ಪೀಠಿಕೆ ಎನ್ನಬಹುದು.

2015ರ ಚಳಿಗಾಲವನ್ನು ನಾನು ಮಸಾಚುಸೆಟ್ಸಿನ ಒಂದು ಸಣ್ಣ ಊರಿನಲ್ಲಿ, ಮಗಳ ಮನೆಯಲ್ಲಿ ಕಳೆದೆ. ಆ ವರ್ಷದ ಚಳಿಗಾಲ ಅಲ್ಲಿಯವರಿಗೂ ಮರೆಯಲಾಗದ್ದು. ಜನವರಿ ಕೊನೆಯ ವಾರದಲ್ಲಿ ಒಂದು ಹಿಮಪಾತ. ಅದರ ಬೆನ್ನಿಗೆ ಮತ್ತೊಂದು, ಮಗುದೊಂದು. ಬಾಸ್ಟನ್ ನಗರದಲ್ಲಿ ಆ ಋತುವಿನಲ್ಲಿ ಬಿದ್ದ ಹಿಮದ ಮೊತ್ತ 108 ಅಂಗುಲಕ್ಕೂ ಮಿಕ್ಕಿ, ಹಿಂದಿನ ದಾಖಲೆಗಳನ್ನೆಲ್ಲ ಮೀರಿತು. ರಸ್ತೆಯ ಎರಡು ಪಕ್ಕಗಳಲ್ಲಿ ಗುಡ್ಡೆ ಹಾಕಿದ ಹಿಮ ಗೋಡೆಗಳಂತೆ ನಿಂತಿತ್ತು. ಫೆಬ್ರವರಿಯ ಅಂಥದೊಂದು ಬೆಳಗ್ಗೆ ಮನೆಯ ಮುಂದಿನ ಕಾಡುಸೇಬಿನ ಮರಕ್ಕೆ ರಾಬಿನ್ ಹಕ್ಕಿಗಳು ಬಂದವು. ಒಂದಲ್ಲ ಎರಡಲ್ಲ, ನಾನು ಎಣಿಸಿದ್ದು ನಲವತ್ತಕ್ಕೂ ಮೇಲೆ. ಶರತ್ಕಾಲದಿಂದ ಕೊಂಬೆಗಳಲ್ಲಿಯೇ ಉಳಿದು ಸುಕ್ಕಿಹೋಗಿದ್ದ ಸಣ್ಣ ಸಣ್ಣ ಹಣ್ಣುಗಳನ್ನು ಅವು ಒಂದೊಂದಾಗಿ ಕಿತ್ತು ನುಂಗುತ್ತಿದ್ದುವು. ಮೈಯ ಗರಿಗಳನ್ನೆಲ್ಲ ಉಬ್ಬಿಸಿಕೊಂಡು ಅವು ಚೆಂಡಿನಂತೆ ಗುಂಡಗೆ ಕಾಣುತ್ತಿದ್ದುವು. ಹಾಡಿಲ್ಲ, ನಡುನಡುವೆ ಒಂದು ಸಣ್ಣ ಕೂಗು, ಅಷ್ಟೆ.

ಏಳು ವರ್ಷದ ಮೊಮ್ಮಗಳು ಕಿಟಕಿಗೆ ಮುಖ ಒತ್ತಿ ನೋಡುತ್ತಿದ್ದವಳು, “ತಾತ, ವಸಂತ ಬಂದುಬಿಡ್ತಾ?” ಎಂದು ಕೇಳಿದಳು. ಶಾಲೆಯಲ್ಲಿ ಅವಳಿಗೆ ಕಲಿಸಿದ್ದು ಹಾಗೆ: ರಾಬಿನ್ ಬಂದರೆ ವಸಂತ. ಹೊರಗೆ ಉಷ್ಣಮಾಪಕ ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗಿತ್ತು. ಹಾದಿಯ ಹಿಮ ಎತ್ತಿಹಾಕುತ್ತಿದ್ದ ಎದುರುಮನೆಯಾಕೆ, ಇವು ತೆಂಕಣಕ್ಕೆ ಹೋಗಬೇಕಾದವು, ಇಷ್ಟು ತಡವಾದರೂ ಹೋಗಿಲ್ಲವಲ್ಲ ಎಂದು ಮರುಗಿದರು. ಪಕ್ಕದ ಮನೆಯ ವೃದ್ಧರು ಮಾತ್ರ ಬೇರೆ ಬಗೆಯವರು. ಅವರ ಅಡುಗೆಮನೆಯ ಗೋಡೆಯಲ್ಲಿ ಒಂದು ಕ್ಯಾಲೆಂಡರು. ಅದರ ಚೌಕಗಳಲ್ಲಿ ಸಣ್ಣ ಅಕ್ಷರಗಳ ಟಿಪ್ಪಣಿಗಳು. ಇಂಥ ಕ್ಯಾಲೆಂಡರುಗಳನ್ನು ಅವರು ಮೂವತ್ತು ವರ್ಷಗಳಿಂದ ಜೋಪಾನವಾಗಿ ಇಟ್ಟಿದ್ದರು. ಆ ದಿನದ ಚೌಕದಲ್ಲಿ ‘ರಾಬಿನ್, ಸುಮಾರು 45, ಕಾಡುಸೇಬು’ ಎಂದು ಬರೆದು, ನನ್ನ ಕಡೆ ತಿರುಗಿ, “ಬೇಗವೂ ಅಲ್ಲ, ತಡವೂ ಅಲ್ಲ. ಹಣ್ಣಿದೆ, ಹಕ್ಕಿ ಇದೆ” ಎಂದರು.

ಮಗು ಬೇಗ ಬಂತೆಂದಿತು, ಎದುರುಮನೆಯಾಕೆ ತಡವಾಯಿತೆಂದರು, ವೃದ್ಧರು ಎರಡೂ ಅಲ್ಲವೆಂದರು. ಹಕ್ಕಿಗಳು ಅವೇ, ಮರವೂ ಅದೇ. ಅವರವರ ಮನಸ್ಸಿನಲ್ಲಿದ್ದ ಪಂಚಾಂಗ ಬೇರೆ ಬೇರೆಯಾಗಿತ್ತು.

ವೃದ್ಧರ ಮಾತಿನ ಹಿಂದೆ ಒಳ್ಳೆಯ ಶಾಸ್ತ್ರವಿದೆ. ರಾಬಿನ್ ಚಳಿಗೆ ಹೆದರಿ ಓಡುವ ಹಕ್ಕಿಯಲ್ಲ. ಅದರ ಮೈಯ ಬಿಸಿ ಸುಮಾರು 40 ಡಿಗ್ರಿ ಸೆಲ್ಸಿಯಸ್. ಗರಿಗಳನ್ನು ಉಬ್ಬಿಸಿದಾಗ ಅವುಗಳ ನಡುವೆ ಸಿಕ್ಕಿಕೊಳ್ಳುವ ಗಾಳಿ ಕಂಬಳಿಯಂತೆ ಆ ಬಿಸಿಯನ್ನು ಕಾಪಾಡುತ್ತದೆ. ಹೊಟ್ಟೆ ತುಂಬಿದ್ದರೆ ಅದು ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯನ್ನೂ ತಾಳಬಲ್ಲುದು. ಅದನ್ನು ತೆಂಕಣಕ್ಕೆ ಅಟ್ಟುವುದು ಹಸಿವು. ನೆಲ ಹೆಪ್ಪುಗಟ್ಟಿದರೆ ಎರೆಹುಳು ಆಳಕ್ಕಿಳಿಯುತ್ತದೆ. ಹಿಮ ಮುಚ್ಚಿದರೆ ಹುಲ್ಲೇ ಕಾಣದು. ಆಗ ರಾಬಿನ್ ತನ್ನ ಊಟವನ್ನು ಬದಲಾಯಿಸಿಕೊಳ್ಳುತ್ತದೆ. ಬೇಸಗೆಯಲ್ಲಿ ಹುಳುಹುಪ್ಪಟೆಗಳನ್ನು ಅರಸುವ ಹಕ್ಕಿ ಚಳಿಗಾಲದಲ್ಲಿ ಬಹುಮಟ್ಟಿಗೆ ಹಣ್ಣನ್ನೇ ನಂಬಿ ಬದುಕುತ್ತದೆ. ಜೂನಿಪರ್, ಹಾಲಿ, ಕಾಡುಸೇಬು ಇವುಗಳ ಹಣ್ಣುಗಳು ಹಿಮದ ನಡುವೆಯೂ ಕೊಂಬೆಯಲ್ಲಿ ಉಳಿಯುತ್ತವೆ. ಬೇಸಗೆಯಲ್ಲಿ ತನ್ನ ಗಡಿಯೊಳಗೆ ಬಂದ ಇನ್ನೊಂದು ರಾಬಿನ್ನನ್ನು ಕಾದಾಡಿ ಓಡಿಸುವ ಗಂಡು, ಚಳಿಗಾಲದಲ್ಲಿ ನೂರು ಹಕ್ಕಿಗಳ ಗುಂಪಿನಲ್ಲಿ ಒಂದಾಗಿ ಮರದಿಂದ ಮರಕ್ಕೆ ಅಲೆಯುತ್ತದೆ. ಒಂದು ಮರದ ಹಣ್ಣು ಮುಗಿದರೆ ಇನ್ನೊಂದು ಮರ, ಒಂದು ಊರಿನದು ಮುಗಿದರೆ ಇನ್ನೊಂದು ಊರು. ರಾತ್ರಿ ತಂಗುವಾಗ ಇಂಥ ಗುಂಪುಗಳೆಲ್ಲ ಸೇರಿ ಕೆಲವು ತಾಣಗಳಲ್ಲಿ ಎರಡೂವರೆ ಲಕ್ಷ ಹಕ್ಕಿಗಳವರೆಗೂ ಒಟ್ಟಾಗುವುದುಂಟು.

ಎಲ್ಲ ರಾಬಿನ್ನುಗಳೂ ಒಂದೇ ದಿನ ಗಂಟುಮೂಟೆ ಕಟ್ಟಿ ಹೊರಡುವುದಿಲ್ಲ. ಕೆನಡಾದ ಬಡಗಣ ಕಾಡುಗಳಲ್ಲಿದ್ದವು ಅಲ್ಲಿಂದ ಕೆಳಗಿಳಿಯುತ್ತವೆ. ಕೆಲವು ಫ್ಲಾರಿಡಾ, ಮೆಕ್ಸಿಕೊಗಳವರೆಗೂ ಹೋಗುತ್ತವೆ. ಇನ್ನು ಕೆಲವು ಹಣ್ಣು ಸಿಕ್ಕಿದಲ್ಲಿಯೇ ನಿಲ್ಲುತ್ತವೆ. ಹೀಗೆ ಬಡಗಣದಲ್ಲಿ ನಿಲ್ಲುವವುಗಳಲ್ಲಿ ಗಂಡುಗಳೇ ಹೆಚ್ಚು. ಹತ್ತಿರದಲ್ಲಿಯೇ ಇದ್ದರೆ ವಸಂತದಲ್ಲಿ ಒಳ್ಳೆಯ ಜಾಗವನ್ನು ಮೊದಲು ಹಿಡಿಯಬಹುದು. ದೂರ ಹೋದರೆ ಜೀವಕ್ಕೆ ಅಪಾಯ ಕಡಿಮೆ, ಆದರೆ ಜಾಗ ಕೈತಪ್ಪಬಹುದು. ಹೋಗುವುದಕ್ಕೂ ಇರುವುದಕ್ಕೂ ಅದರದರ ಬೆಲೆಯಿದೆ. ಹಣ್ಣು ತಿನ್ನುವ ಗುಂಪು ಊರಂಚಿನ ಪೊದೆಗಳಲ್ಲಿ, ಜೌಗು ಕಾಡುಗಳಲ್ಲಿ ಸದ್ದಿಲ್ಲದೆ ಇರುತ್ತದೆ. ಮನೆಯ ಮುಂದಿನ ಹುಲ್ಲಿಗೆ ಬರುವುದಿಲ್ಲ, ಹಾಡುವುದಿಲ್ಲ. ಆದ್ದರಿಂದ ಜನ ಅದು ಹೊರಟುಹೋಯಿತೆಂದು ತಿಳಿಯುತ್ತಾರೆ. ಮಾರ್ಚಿಯಲ್ಲಿ ನೆಲ ಮೆತ್ತಗಾಗಿ, ಹಕ್ಕಿ ಹುಲ್ಲಿಗಿಳಿದು ಹಾಡತೊಡಗಿದಾಗ ಬಂತೆಂದು ಸಂತೋಷಪಡುತ್ತಾರೆ. ಬಂದವುಗಳಲ್ಲಿ ಕೆಲವು ನೂರಾರು ಮೈಲಿ ಹಾರಿ ಬಂದಿರುತ್ತವೆ. ಕೆಲವು ಪಕ್ಕದ ಪೊದೆಯಿಂದ ಬಂದಿರುತ್ತವೆ.

ಇದನ್ನು ಕೇಳಿ ನಾವು ನಗಬೇಕಾಗಿಲ್ಲ. ನಮ್ಮ ಕೋಗಿಲೆಯ ಕಥೆಯೂ ಇದೇ. ಮಾಘದಲ್ಲಿ ಕೋಗಿಲೆ ಎಲ್ಲಿಗೂ ಹೋಗಿರುವುದಿಲ್ಲ. ಅದು ವರ್ಷದ ಹನ್ನೆರಡು ತಿಂಗಳೂ ನಮ್ಮ ಊರಿನಲ್ಲಿಯೇ, ಆಲ ಅತ್ತಿ ಅರಳಿಯ ಎಲೆಮರೆಯಲ್ಲಿ, ಹಣ್ಣು ತಿನ್ನುತ್ತ ಇರುತ್ತದೆ. ಕೂಗುವುದಿಲ್ಲ, ಅಷ್ಟೆ. ಗಂಡಿನ ಕಪ್ಪು ಮೈಯನ್ನು ನಾವು ಕಾಗೆಯೆಂದು ಬಿಡುತ್ತೇವೆ. ಚುಕ್ಕೆಚುಕ್ಕೆಯ ಹೆಣ್ಣನ್ನಂತೂ ಕೋಗಿಲೆಯೆಂದು ಗುರುತಿಸುವವರೇ ವಿರಳ. ಫಾಲ್ಗುಣ ಚೈತ್ರಗಳಲ್ಲಿ ಅದು ದನಿ ತೆಗೆದಾಗ, ಎಲ್ಲಿಂದಲೋ ಬಂತೆನ್ನುತ್ತೇವೆ. ಬಂದದ್ದು ಕೋಗಿಲೆಯಲ್ಲ, ಅದರ ದನಿ. ಕವಿಸಮಯಕ್ಕೆ ಇದರಿಂದ ಭಂಗವೇನೂ ಇಲ್ಲ. ದನಿಯೇ ವಸಂತದ್ದಾದ್ದರಿಂದ ಕವಿ ಹೇಳಿದ್ದು ಸುಳ್ಳಲ್ಲ. ಆದರೆ ಕಾಣದ್ದು ಇಲ್ಲ, ಕೇಳದ್ದು ಇಲ್ಲ ಎಂದು ನಾವು ತೀರ್ಮಾನಿಸಿದರೆ ಅದು ಮಾತ್ರ ಸುಳ್ಳು.

ಇಲ್ಲಿಗೆ ಮಾತು ಮುಗಿಸಿ, ಚಳಿಗಾಲದ ರಾಬಿನ್ನಿನಲ್ಲಿ ವಿಶೇಷವೇನೂ ಇಲ್ಲವೆಂದು ಸುಮ್ಮನಾಗಬಹುದಿತ್ತು. ಆದರೆ ನಮ್ಮ ಕಾಲದಲ್ಲಿ ಹಾಗೆ ಸುಮ್ಮನಾಗುವುದು ಸಾಧ್ಯವಿಲ್ಲ. ಭೂಮಿಯ ಬಿಸಿ ಏರುತ್ತಿದೆಯೆಂಬುದು ಈಗ ಊಹೆಯಾಗಿ ಉಳಿದಿಲ್ಲ. ಹೀಗಿರುವಾಗ ಹಿಮದಲ್ಲೊಂದು ರಾಬಿನ್ ಕಂಡೊಡನೆ ಎರಡು ಸುಲಭ ಉತ್ತರಗಳು ನಾಲಗೆಯ ತುದಿಗೆ ಬರುತ್ತವೆ. ಮೊದಲನೆಯದು, ಇದೆಲ್ಲ ಹಿಂದೆಯೂ ಇತ್ತು, ಹೊಸದೇನಿಲ್ಲ ಎಂಬುದು. ಎರಡನೆಯದು, ಲೋಕವೇ ತಲೆಕೆಳಗಾಯಿತು ಎಂಬುದು. ಎರಡನ್ನೂ ಆಡುವವರು ಒಂದು ಮರವನ್ನು, ಒಂದು ದಿನ ನೋಡಿ ಆಡುತ್ತಾರೆ. ಒಂದು ಮರ ಒಂದು ದಿನ ಹೇಳುವ ಸಾಕ್ಷ್ಯ ಇಷ್ಟೆ: ಇಲ್ಲಿ ಹಣ್ಣಿತ್ತು. ಅದಕ್ಕಿಂತ ಹೆಚ್ಚಿನದು ತಿಳಿಯಬೇಕಾದರೆ ಅನೇಕ ಮರಗಳನ್ನು, ಅನೇಕ ವರ್ಷ, ಅನೇಕರು ನೋಡಿ ಬರೆದಿಟ್ಟಿರಬೇಕು.

ಹಾಗೆ ಬರೆದಿಟ್ಟವರು ಅಲ್ಲಿ ಇದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರಿಸ್ಮಸ್ ದಿನ ಬಂದೂಕು ಹಿಡಿದು ಎರಡು ತಂಡಗಳಾಗಿ ಹೊರಟು, ಕಣ್ಣಿಗೆ ಬಿದ್ದ ಹಕ್ಕಿ ಪ್ರಾಣಿಗಳನ್ನೆಲ್ಲ ಹೊಡೆದು, ಯಾರ ರಾಶಿ ದೊಡ್ಡದೆಂದು ನೋಡುವ ಒಂದು ಪಂದ್ಯ ಆ ದೇಶದಲ್ಲಿತ್ತು. 1900ರಲ್ಲಿ ಫ್ರಾಂಕ್ ಚಾಪ್‌ಮನ್ ಎಂಬ ಪಕ್ಷಿಶಾಸ್ತ್ರಜ್ಞ, ಹಬ್ಬದ ದಿನ ಹಕ್ಕಿಗಳನ್ನು ಕೊಲ್ಲುವ ಬದಲು ಎಣಿಸೋಣ ಎಂದು ಸೂಚಿಸಿದ. ಆ ಡಿಸೆಂಬರ್ 25ರಂದು 25 ಸ್ಥಳಗಳಲ್ಲಿ 27 ಮಂದಿ ಎಣಿಸಿದರು. ಅಂದು ಆರಂಭವಾದ ಗಣತಿ ಇಂದಿಗೂ ಪ್ರತಿವರ್ಷ ನಡೆಯುತ್ತಿದೆ. ಅದರಲ್ಲಿ ಸಾವಿರಾರು ಸಾಮಾನ್ಯ ಜನ ಪಾಲುಗೊಳ್ಳುತ್ತಾರೆ. ಗಣತಿ ನಡೆಸುವ ಆಡುಬಾನ್ ಸಂಸ್ಥೆ 2009ರಲ್ಲಿ ಹಿಂದಿನ ನಲವತ್ತು ವರ್ಷಗಳ ಲೆಕ್ಕವನ್ನು ಪರಿಶೀಲಿಸಿತು. ನೋಡಿದ 305 ಜಾತಿಯ ಹಕ್ಕಿಗಳಲ್ಲಿ 177 ಜಾತಿಗಳು ಚಳಿಗಾಲ ಕಳೆಯುವ ನೆಲೆಯನ್ನು ಬಡಗಣಕ್ಕೆ ಸರಿಸಿಕೊಂಡಿದ್ದುವು. ಎಲ್ಲವನ್ನೂ ಸೇರಿಸಿ ಸರಾಸರಿ ತೆಗೆದರೆ ಸರಿದ ದೂರ 35 ಮೈಲಿ. ಇದು ಯಾವನೋ ಒಬ್ಬನ ಕಿಟಕಿಯಿಂದ ಕಾಣುವ ಸಂಗತಿಯಲ್ಲ. ನಲವತ್ತು ವರ್ಷಗಳಲ್ಲಿ 35 ಮೈಲಿ ಎಂದರೆ ವರ್ಷಕ್ಕೆ ಒಂದು ಮೈಲಿಗೂ ಕಡಿಮೆ. ಪಕ್ಕದ ಹಳ್ಳಿಗೆ ನಡೆದುಹೋಗುವಷ್ಟೂ ಅಲ್ಲ.

ನಾನು ಇದ್ದ ಊರಿಗೆ ಸಮೀಪದಲ್ಲಿಯೇ ಕಾಂಕರ್ಡ್ ಎಂಬ ಊರಿದೆ. ‘ವಾಲ್ಡನ್’ ಬರೆದ ಹೆನ್ರಿ ಡೇವಿಡ್ ಥೋರೊ ಬಾಳಿದ ಊರು ಅದು. ಗಾಂಧೀಜಿ ಮೆಚ್ಚಿದ ಲೇಖಕನೆಂದು ನಾವು ಆತನನ್ನು ಬಲ್ಲೆವು. ಆದರೆ 1850ರ ದಶಕದಲ್ಲಿ ಆತ ಯಾವ ಗಿಡ ಯಾವ ದಿನ ಹೂ ಬಿಟ್ಟಿತೆಂದು ವರ್ಷ ವರ್ಷ ಅಲೆದು ಬರೆದಿಟ್ಟನೆಂಬುದು ಅಷ್ಟಾಗಿ ಪ್ರಚಾರವಾಗಿಲ್ಲ. ಆ ಪಟ್ಟಿಗಳಿಗೆ ಆಗ ಯಾವ ಉಪಯೋಗವೂ ಕಾಣುತ್ತಿರಲಿಲ್ಲ. ಒಂದೂವರೆ ಶತಮಾನದ ಮೇಲೆ ಬಾಸ್ಟನ್ ವಿಶ್ವವಿದ್ಯಾಲಯದ ರಿಚರ್ಡ್ ಪ್ರಿಮ್ಯಾಕ್ ಮತ್ತು ಅವರ ಸಂಗಡಿಗರು ಅದೇ ಊರಿನಲ್ಲಿ ಅವೇ ಗಿಡಗಳನ್ನು ಮತ್ತೆ ನೋಡಿದರು. ಹೇರಳವಾಗಿ ಕಾಣುವ 43 ಜಾತಿಯ ಗಿಡಗಳು ಥೋರೊನ ಕಾಲಕ್ಕಿಂತ ಸರಾಸರಿ ಏಳು ದಿನ ಮೊದಲು ಹೂಬಿಡುತ್ತಿವೆಯೆಂದು 2008ರಲ್ಲಿ ಅವರು ಪ್ರಕಟಿಸಿದರು. ಆತ ಬರೆದಿಡದಿದ್ದರೆ ಈ ಏಳು ದಿನಗಳು ಯಾರಿಗೂ ತಿಳಿಯದಂತೆ ಕಳೆದುಹೋಗುತ್ತಿದ್ದುವು.

ರಾಬಿನ್ನಿನ ಬಗೆಗೇ ಹೇಳುವುದಾದರೆ, ಕೊಲರಾಡೊದ ರಾಕಿ ಪರ್ವತಗಳ ಮೇಲೆ ಗಾಥಿಕ್ ಎಂಬಲ್ಲಿ ಒಂದು ಜೀವವಿಜ್ಞಾನ ಕೇಂದ್ರವಿದೆ. ಅಲ್ಲಿನ ಚಳಿಗಾಲದಲ್ಲಿ ಏಕಾಂಗಿಯಾಗಿ ಉಳಿದ ಒಬ್ಬ ಮನುಷ್ಯ, ಕೇವಲ ತನ್ನ ಬೇಸರ ಕಳೆಯುವುದಕ್ಕೆಂದು, ಹಿಮದ ಆಳವನ್ನೂ ಮೊದಲ ರಾಬಿನ್ ಕಂಡ ದಿನವನ್ನೂ ವರ್ಷ ವರ್ಷ ಬರೆದಿಟ್ಟ. ವಿಜ್ಞಾನಿ ಡೇವಿಡ್ ಇನೊಯೆ ಮತ್ತು ಸಂಗಡಿಗರು ಆ ಟಿಪ್ಪಣಿಗಳನ್ನು ಬಳಸಿ 2000ದಲ್ಲಿ ಒಂದು ಲೇಖನ ಪ್ರಕಟಿಸಿದರು. 1981ಕ್ಕೆ ಹೋಲಿಸಿದರೆ ರಾಬಿನ್ನುಗಳು ಅಲ್ಲಿಗೆ 14 ದಿನ ಮೊದಲು ಬರುತ್ತಿದ್ದುವು. ಆದರೆ ಬೆಟ್ಟದ ಮೇಲೆ ಹಿಮ ಕರಗುವ ಕಾಲ ಅದಕ್ಕೆ ತಕ್ಕಂತೆ ಮುಂದಕ್ಕೆ ಬಂದಿರಲಿಲ್ಲ. ಹಕ್ಕಿ ಬಂದ ದಿನಕ್ಕೂ ಬರಿನೆಲ ಮೊದಲು ಕಾಣುವ ದಿನಕ್ಕೂ ನಡುವಣ ಅಂತರ 18 ದಿನಗಳಷ್ಟು ಹೆಚ್ಚಾಗಿತ್ತು.

ಈ 18 ದಿನಗಳ ಅರ್ಥವನ್ನು ಸ್ವಲ್ಪ ಯೋಚಿಸಬೇಕು. ಕೆಳಗಿನ ಕಣಿವೆಯಲ್ಲಿ ಬಿಸಿಲು ಬೇಗ ಏರಿತು. ಹಕ್ಕಿ ಅದನ್ನು ನಂಬಿ ಮೇಲೇರಿತು. ಮೇಲೆ ನೋಡಿದರೆ ಊಟದ ಮನೆಗೆ ಇನ್ನೂ ಬೀಗ. ಬೇಗ ಬಂದದ್ದು ಶುಭವೆಂದು ಕೆಳಗಿನವರು ಹಿಗ್ಗುತ್ತಿರುವಾಗ ಮೇಲಿನ ಹಕ್ಕಿ ಉಪವಾಸವಿರಬೇಕಾಗಬಹುದು. ನಿಸರ್ಗದಲ್ಲಿ ಹೂವು, ಹುಳು, ಹಕ್ಕಿ, ಹಿಮ ಇವು ಒಂದೇ ಗಡಿಯಾರವನ್ನು ನೋಡಿ ನಡೆಯುವುದಿಲ್ಲ. ಕೆಲವಕ್ಕೆ ಬಿಸಿ ಸೂಚನೆ, ಕೆಲವಕ್ಕೆ ಹಗಲಿನ ಉದ್ದ ಸೂಚನೆ, ಕೆಲವಕ್ಕೆ ಹಿಮವೇ ಸೂಚನೆ. ಇಷ್ಟು ಕಾಲವೂ ಈ ಗಡಿಯಾರಗಳು ಬಹುಮಟ್ಟಿಗೆ ಹೊಂದಿಕೊಂಡು ನಡೆದವು. ಈಗ ಒಂದು ಮುಂದೆ ಓಡಿದರೆ ಇನ್ನೊಂದು ಅಲ್ಲಿಯೇ ನಿಂತಿರುತ್ತದೆ. ಕೆನಡಾದ ಆಲ್ಬರ್ಟಾ ಪ್ರಾಂತದ ಸ್ಲೇವ್ ಲೇಕ್ ಎಂಬಲ್ಲಿಯೂ ರಾಬಿನ್ನುಗಳು 1994ಕ್ಕಿಂತ ಸುಮಾರು 12 ದಿನ ಮೊದಲು ಬರುತ್ತಿವೆಯೆಂದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳುತ್ತದೆ. ದಾರಿಯಲ್ಲಿನ ಹಿಮದ ಸ್ಥಿತಿಯನ್ನು ನೋಡಿಕೊಂಡು ಅವು ಪಯಣದ ಕಾಲವನ್ನು ಬದಲಾಯಿಸುತ್ತವೆ. ಆದ್ದರಿಂದ ವೃದ್ಧರ ಮಾತೂ ನಿಜ, ಬದಲಾವಣೆಯೂ ನಿಜ. ಹಿಮದ ನಡುವೆ ಕಂಡ ಒಂದು ರಾಬಿನ್ ಗುಂಪು ಅಪಶಕುನವಲ್ಲ. ಆದರೆ ಸಾವಿರ ಗುಂಪುಗಳ ಲೆಕ್ಕ ಒಂದು ಎಚ್ಚರಿಕೆ.

ಈ ಹಕ್ಕಿ ಮನುಷ್ಯನನ್ನು ಎಚ್ಚರಿಸಿದ್ದು ಇದೇ ಮೊದಲಲ್ಲ. 1950ರ ದಶಕದಲ್ಲಿ ಆ ದೇಶದ ಎಲ್ಮ್ ಮರಗಳಿಗೆ ಒಂದು ರೋಗ ಹಬ್ಬಿತು. ಅದನ್ನು ಹರಡುವ ಕೀಟವನ್ನು ಕೊಲ್ಲಲು ಡಿ.ಡಿ.ಟಿ. ಸಿಂಪಡಿಸಿದರು. ಮಿಶಿಗನ್ ರಾಜ್ಯ ವಿಶ್ವವಿದ್ಯಾಲಯದ ಆವರಣದಲ್ಲಿ ಇದು 1954ರಲ್ಲಿ ಆರಂಭವಾಯಿತು. ವಿಷ ಎಲೆಯ ಮೇಲೆ ನಿಂತಿತು, ಎಲೆ ಉದುರಿತು, ಎರೆಹುಳು ಆ ಎಲೆಯನ್ನು ತಿಂದಿತು, ವಸಂತದಲ್ಲಿ ಬಂದ ರಾಬಿನ್ ಎರೆಹುಳುವನ್ನು ತಿಂದು ಸತ್ತಿತು. ಹನ್ನೊಂದು ದೊಡ್ಡ ಎರೆಹುಳುಗಳು ಒಂದು ರಾಬಿನ್ನನ್ನು ಕೊಲ್ಲುವಷ್ಟು ವಿಷವನ್ನು ಹೊತ್ತಿರಬಲ್ಲವೆಂದು ಲೆಕ್ಕ ಸಿಕ್ಕಿತು. ವಸಂತದ ದೂತ ಬರುತ್ತಲೇ ಇತ್ತು. ಬಂದು ಹುಲ್ಲಿನ ಮೇಲೆ ನಡುಗಿ ಬಿದ್ದು ಸಾಯುತ್ತಿತ್ತು. ಅಲ್ಲಿನ ಪ್ರಾಧ್ಯಾಪಕ ಜಾರ್ಜ್ ವಾಲೇಸ್ ಇದನ್ನು ಎಣಿಸಿ ಬರೆದರು. ಊರೂರುಗಳ ಗೃಹಿಣಿಯರು ತಮ್ಮ ಅಂಗಳದಲ್ಲಿ ಹಕ್ಕಿಯಿಲ್ಲದ್ದನ್ನು ಗಮನಿಸಿ ಪತ್ರ ಬರೆದರು. ಇವೆಲ್ಲವನ್ನೂ ಕೂಡಿಸಿ ರೇಚಲ್ ಕಾರ್ಸನ್ 1962ರಲ್ಲಿ ‘ಸೈಲೆಂಟ್ ಸ್ಪ್ರಿಂಗ್’ ಎಂಬ ಪುಸ್ತಕವನ್ನು ಹೊರತಂದರು. ಮೌನ ವಸಂತ ಎಂಬ ಆ ಹೆಸರಿನಲ್ಲಿಯೇ ರಾಬಿನ್ನಿನ ಅಡಗಿದ ದನಿಯಿದೆ. 1972ರಲ್ಲಿ ಅಮೆರಿಕ ಡಿ.ಡಿ.ಟಿ.ಯ ಬಳಕೆಯನ್ನು ಬಹುತೇಕ ನಿಷೇಧಿಸಿತು. ಇಂದು ರಾಬಿನ್ ಹೇರಳವಾಗಿದೆ. ಅದನ್ನು ಉಳಿಸಿದ್ದು ಕಾನೂನು. ಕಾನೂನಿಗೆ ಕಾರಣವಾದದ್ದು ಪುಸ್ತಕ. ಪುಸ್ತಕಕ್ಕೆ ಆಧಾರವಾದದ್ದು, ನಿನ್ನೆ ಇದ್ದದ್ದು ಇಂದಿಲ್ಲವೆಂದು ಗಮನಿಸಿದ ಜನರ ಕಣ್ಣು. ಗಮನಿಸುವವರೇ ಇಲ್ಲದ ಊರಿನಲ್ಲಿ ಹಕ್ಕಿ ಇದ್ದರೂ ಸುದ್ದಿಯಲ್ಲ, ಸತ್ತರೂ ಸುದ್ದಿಯಲ್ಲ.

ಈಗ ನಮ್ಮ ಕಡೆಗೆ ಬರೋಣ. ನಮ್ಮಲ್ಲಿ ಗಮನಿಸುವ ಪರಂಪರೆ ಕಡಿಮೆಯದಲ್ಲ. ರೋಹಿಣಿ, ಮೃಗಶಿರ, ಆರಿದ್ರ ಎಂದು ಮಳೆಗಳಿಗೆ ಹೆಸರಿಟ್ಟು, ಒಂದೊಂದು ಮಳೆಗೂ ಒಂದೊಂದು ಬಿತ್ತನೆಯನ್ನು ಹೊಂದಿಸಿದ ರೈತ ಗಮನಿಸದೆ ಬಾಳಿದವನಲ್ಲ. ಆದರೆ ಆ ತಿಳಿವಳಿಕೆ ಗಾದೆಯಾಗಿ ಬಾಯಲ್ಲಿ ಉಳಿಯಿತು; ತಾರೀಖಾಗಿ ಕಾಗದಕ್ಕೆ ಇಳಿಯಲಿಲ್ಲ. ಮಳೆ ಮೊದಲಿನಂತೆ ಬರುವುದಿಲ್ಲವೆಂದು ಎಲ್ಲರೂ ಹೇಳುತ್ತೇವೆ. ಮೊದಲು ಎಂದರೆ ಯಾವಾಗ, ಎಷ್ಟು ಎಂದು ಕೇಳಿದರೆ ಅಜ್ಜನ ಮಾತನ್ನು ನೆನೆಯುತ್ತೇವೆ. ನೆನಪು ದೊಡ್ಡ ವಸ್ತುವೇ. ಆದರೆ ಅದು ಏಳು ದಿನಗಳ ವ್ಯತ್ಯಾಸವನ್ನು ಹಿಡಿಯಲಾರದು.

ನಮಗೂ ಚಳಿಗಾಲದ ಅತಿಥಿಗಳಿವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದು ಬೇಸಗೆಗೆ ಮುನ್ನ ಹಿಂದಿರುಗುತ್ತವೆ. ಬಾಲವನ್ನು ಮೇಲೆ ಕೆಳಗೆ ಆಡಿಸುತ್ತ ಹಳ್ಳದ ಕಲ್ಲಿನಿಂದ ಕಲ್ಲಿಗೆ ಹಾರುವ ಬೂದು ಸಿಪಿಲೆ ಮಳೆಗಾಲ ಹಿಂಜರಿಯುವ ಹೊತ್ತಿಗೆ ಮಲೆನಾಡಿಗೆ ಬರುತ್ತದೆ. ಇವು ಯಾವ ದಿನ ಬಂದವು, ಯಾವ ದಿನದವರೆಗೆ ಇದ್ದವು ಎಂಬುದನ್ನು ಬರೆದಿಡುವವರು ಬೇಕು. 2007ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ ‘ಮೈಗ್ರೆಂಟ್‌ವಾಚ್’ ಎಂಬ ಕಾರ್ಯಕ್ರಮ ಆರಂಭವಾಗಿ, ಚಳಿಗಾಲದ ಹಕ್ಕಿಗಳನ್ನು ಕಂಡ ದಿನವನ್ನು ತಿಳಿಸುವಂತೆ ದೇಶದ ಜನರನ್ನು ಕೇಳಿತು. ಫೆಬ್ರವರಿಯಲ್ಲಿ ನಡೆಯುವ ಹಿತ್ತಿಲ ಹಕ್ಕಿಗಳ ಗಣತಿಗೆ 2013ರಿಂದ ನಮ್ಮ ದೇಶವೂ ಸೇರಿದೆ. ಅದಕ್ಕೆ ಪದವಿ ಬೇಡ, ದುಬಾರಿ ಉಪಕರಣ ಬೇಡ; ಹದಿನೈದು ನಿಮಿಷ ಒಂದೆಡೆ ನಿಂತು ಕಂಡ ಹಕ್ಕಿಗಳನ್ನು ಎಣಿಸುವ ತಾಳ್ಮೆ ಸಾಕು. ಹಕ್ಕಿಯನ್ನು ಗುರುತಿಸಲು ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ನಮ್ಮ ಭಾಷೆಯಲ್ಲಿಯೇ ಇದೆ.

ಅಷ್ಟೂ ಆಗದಿದ್ದರೆ ಒಂದು ನೋಟುಪುಸ್ತಕ ಸಾಕು. ಅದರಲ್ಲಿ ನಾಲ್ಕು ಸಂಗತಿಗಳಿರಲಿ: ದಿನ, ಸ್ಥಳ, ಎಷ್ಟು, ಏನು ಮಾಡುತ್ತಿದ್ದವು. ವಿಶೇಷ ಕಂಡ ದಿನ ಮಾತ್ರ ಬರೆದರೆ ಸಾಲದು. ಏನೂ ಕಾಣದ ದಿನವನ್ನೂ ಬರೆಯಬೇಕು. ಹುಡುಕಿದೆ, ಕಾಣಲಿಲ್ಲ ಎಂಬುದೂ ಒಂದು ದಾಖಲೆಯೇ. ಕೋಗಿಲೆ ಮೊದಲು ಕೂಗಿದ ದಿನವನ್ನು ಬರೆಯುವವನು, ಅದಕ್ಕೆ ಹಿಂದಿನ ಎಷ್ಟು ಬೆಳಗುಗಳಲ್ಲಿ ಕಿವಿಗೊಟ್ಟಿದ್ದನೆಂಬುದನ್ನು ಬರೆಯದಿದ್ದರೆ, ಕೋಗಿಲೆ ಬೇಗ ಕೂಗಿತೊ ಅಥವಾ ಇವನು ತಡವಾಗಿ ಕೇಳಿದನೊ ಎಂದು ಹೇಳುವವರಾರು?

ತಡ, ಬೇಗ ಎಂಬ ಮಾತುಗಳು ಹಕ್ಕಿಯವಲ್ಲ, ನಮ್ಮವು. ಅವುಗಳನ್ನು ಆಡುವ ಅಧಿಕಾರ ಸಿಗಬೇಕಾದರೆ ನಾವು ಮೊದಲಿನಿಂದ ಅಲ್ಲಿ ನಿಂತು ನೋಡುತ್ತಿರಬೇಕು. ಈ ವರ್ಷದ ಮಾಘದಲ್ಲಿ ನಿಮ್ಮ ಬೀದಿಯ ಅರಳಿಮರದ ಕೆಳಗೆ ಒಂದು ಗಳಿಗೆ ನಿಂತು ತಲೆಯೆತ್ತಿ ನೋಡಿ. ಎಲೆಗಳ ನಡುವೆ ಕೆಂಗಣ್ಣಿನ ಕಪ್ಪು ಹಕ್ಕಿಯೊಂದು ಮಾತಿಲ್ಲದೆ ಹಣ್ಣು ತಿನ್ನುತ್ತಿರಬಹುದು. ಅದು ಕೂಗುವುದಕ್ಕೆ ಇನ್ನೂ ದಿನಗಳಿವೆ. ಆ ದಿನದ ತಾರೀಖು ಬರೆದುಕೊಳ್ಳಿ.